ಕೂತು ನೀರು ಕುಡಿಯುವ ಪೈಲಟ್

ಕಳೆದ ಜೂನ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಫ್ರೇಜರ್ ಟೌನಿನಲ್ಲಿ ನನ್ನ ಗೆಳತಿಯ ಮನೆ, ಮುಂದಿನ ಕೋಣೆ. ಇದ್ದವರು ನಾನು ಮತ್ತು ಗೆಳತಿ. ಹನ್ನೊಂದರ ಹೊತ್ತಿಗೆ ಅವಳ ಮಗನೂ ಬಂದ. ಆಗಬೇಕಿದ್ದ ಕೆಲಸ ಒಂದು. ಮೂವತ್ತು ವರ್ಷಗಳ ಹಿಂದೆ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಬಂದಿದ್ದ ನನ್ನ ವೈಜ್ಞಾನಿಕ ಧಾರಾವಾಹಿ ಈಗ ಪುಸ್ತಕವಾಗುತ್ತಿದೆ. ಅದರ ಕೊನೆಯ ಪ್ರೂಫ್ ತಿದ್ದಿ ಸಂಜೆ ಆರರೊಳಗೆ ಪ್ರಕಾಶನದ ಸಂಪಾದಕಿಗೆ ಮುಟ್ಟಿಸಬೇಕಿತ್ತು. ಅಕ್ಷರದ ತಪ್ಪುಗಳನ್ನೆಲ್ಲ ಶನಿವಾರವೇ ಮುಗಿಸಿದ್ದೆ. ಉಳಿದಿದ್ದದ್ದು ಒಬ್ಬ ಪೈಲಟ್‌ನ ಹೆಸರು. ಪತ್ರಿಕೆಯಲ್ಲಿ ಅಚ್ಚಾದಂತೆ ಕಿರಣ್ ಎಂದೇ ಇರಬೇಕೋ, ನಾನು ಮೊದಲು ಬರೆದಂತೆ ನಜೀರ್ ಎಂದಾಗಬೇಕೋ ಎಂಬುದು ತೀರ್ಮಾನವಾಗಿರಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಎರಡೂ ಕಥೆಯಲ್ಲಿದ್ದ ನಿಜವಾದ ಹೆಸರುಗಳಲ್ಲ. ಇದನ್ನು ಬರೆಯಲೇ ಎಂದು ಗೆಳತಿಯ ಮಗನನ್ನು ಕೇಳಿದಾಗ, ಯಾರ ಗುರುತೂ ಸಿಗದಂತಿದ್ದರೆ ಬರೆಯಿರಿ ಎಂದ. ಹಾಗಾಗಿ ಆ ಪೈಲಟ್‌ಗೆ ಮತ್ತೊಮ್ಮೆ ಹೆಸರು ಬದಲಾಗಿದೆ. ಅವನಿಗೆ ಇದು ಹೊಸದೇನಲ್ಲ.

ಗೆಳತಿಯೂ ನಾನೂ ದಂಡು ಪ್ರದೇಶದ ಮಿಷನ್ ಶಾಲೆಯೊಂದರಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವಳು ಶಿವಾಜಿನಗರದ ತನ್ನ ಮನೆಯಿಂದ ನಡೆದು ಬರುತ್ತಿದ್ದಳು. ನಾನು ಹಾಸ್ಟೆಲಿನಲ್ಲಿದ್ದೆ, ನಮ್ಮ ಊರು ಬೈಯಪ್ಪನಹಳ್ಳಿಯ ಆಚೆ, ಆಗ ಇನ್ನೂ ರಾಗಿ ಬೆಳೆಯುತ್ತಿದ್ದ ಊರು. ಹಾಸ್ಟೆಲಿನಲ್ಲಿ ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಮೌನವಾಗಿ ಓದುವುದಕ್ಕೆ ಗಂಟೆ. ಆ ಗಂಟೆ ನನ್ನೊಳಗೆ ಇನ್ನೂ ನಿಂತಿಲ್ಲ. ಮುಂದೆ ಸಿ.ವಿ. ರಾಮನ್ ನಗರದ ಬಳಿಯ ಸಂಶೋಧನಾ ಕೇಂದ್ರವೊಂದರ ನಕ್ಷೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಗೆರೆ ದಾಟುವಂತಿರಲಿಲ್ಲ. ಗೆಳತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಟೀಚರಾದಳು. ಅವಳು ನನ್ನನ್ನು ಕರೆಯುವುದು ಇವತ್ತಿಗೂ ಹವಾಲ್ದಾರಮ್ಮ ಎಂದೇ.

ನಾನು ಬರೆಯುವುದು, ಅವಳು ಚಿತ್ರ ಹಾಕುವುದು. ಇದು ಶಾಲೆಯಲ್ಲೇ ಶುರುವಾಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಅದಕ್ಕೊಂದು ಕ್ರಮ ಬಂತು. ಪ್ರತಿ ಗುರುವಾರ ಸಂಜೆ ಕೇಂದ್ರದ ಬಸ್ಸಿನಲ್ಲಿ ಹಲಸೂರಿನವರೆಗೆ ಬಂದು, ಅಲ್ಲಿಂದ ನಡೆದು ಫ್ರೇಜರ್ ಟೌನಿನ ಇದೇ ಮನೆಗೆ ಹೋಗುತ್ತಿದ್ದೆ. ಒಂದು ಕಂತು ಗಟ್ಟಿಯಾಗಿ ಓದುತ್ತಿದ್ದೆ. ಅವಳು ಕೇಳುತ್ತಲೇ ಪೆನ್ಸಿಲಿನಲ್ಲಿ ಗೀಚುತ್ತಿದ್ದಳು. ಕೋಣೆಯ ಮೂಲೆಯ ದಿವಾನದ ಮೇಲೆ ಅವಳ ಅಮ್ಮ ಕೂತಿರುತ್ತಿದ್ದರು. ಅವರಿಗೆ ನನ್ನ ಬರಹದ ಕನ್ನಡ ಅಷ್ಟಾಗಿ ಹತ್ತುತ್ತಿರಲಿಲ್ಲ. ಗೆಳತಿ ಎರಡು ವಾಕ್ಯಕ್ಕೊಮ್ಮೆ ತಮ್ಮ ದಖ್ನಿ ಉರ್ದುವಿನಲ್ಲಿ ಅವರಿಗೆ ಹೇಳುತ್ತಿದ್ದಳು. ನೆಲದ ಮೇಲೆ ಅಂಗಾತ ಮಲಗಿ ಕೇಳುತ್ತಿದ್ದವನು ಅವಳ ಮಗ. ಆಗ ಅವನಿಗೆ ಒಂಬತ್ತಿರಬಹುದು.

ನನ್ನ ಕಥೆಗಳ ನೌಕೆಗಳಲ್ಲಿ ಯಾರು ಯಾರಿರುತ್ತಿದ್ದರು ಎಂದು ಈಗ ನೋಡಿದರೆ ಬೇಸರವಾಗುತ್ತದೆ. ಕ್ಯಾಪ್ಟನ್ ಶ್ರೀಧರ, ಡಾಕ್ಟರ್ ವಸುಧಾ, ಪ್ರೊಫೆಸರ್ ಆನಂದ. ಎಲ್ಲರೂ ಒಂದೇ ಬಡಾವಣೆಯ ಒಂದೇ ಬೀದಿಯವರಂತೆ. ನಾನು ಓದಿದ ವೈಜ್ಞಾನಿಕ ಕಥೆಗಳಲ್ಲಿ ಹಾಗಿತ್ತು, ನಾನೂ ಹಾಗೇ ಬರೆದೆ. ನೂರು ವರ್ಷ ಮುಂದಿನ ಯಂತ್ರಗಳನ್ನು ಊಹಿಸಲು ರಾತ್ರಿಯೆಲ್ಲ ಕೂರುತ್ತಿದ್ದವಳು ಹೆಸರಿಗೆ ಮಾತ್ರ ಒಂದು ನಿಮಿಷವನ್ನೂ ಕೊಡುತ್ತಿರಲಿಲ್ಲ. ನಮ್ಮ ಊರಿನಲ್ಲಿ ಮನೆಗೊಬ್ಬ ಮುನಿಯಪ್ಪ, ಬೀದಿಗೊಬ್ಬ ಪಿಳ್ಳಪ್ಪ ಇದ್ದರು. ಒಬ್ಬ ಪಿಳ್ಳಪ್ಪನನ್ನೂ ನಾನು ಶನಿಗ್ರಹಕ್ಕೆ ಕಳುಹಿಸಲಿಲ್ಲ. ಪಿಳ್ಳಪ್ಪ ಗಗನನೌಕೆ ಹತ್ತಿದ ಎಂದು ಬರೆದಿದ್ದರೆ ಓದುವವರು ಅದನ್ನು ನಗೆಬರಹವೆಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ಅದೇ ದುಃಖ. ನನ್ನ ಅಜ್ಜನ ಹೆಸರಿಗೆ ಭವಿಷ್ಯವಿಲ್ಲ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಲಿತುಕೊಂಡಿದ್ದೆ.

ಈ ವಿಷಯ ಮೊದಲು ಎತ್ತಿದವರು ಗೆಳತಿಯ ಅಮ್ಮ. ಅವರು ಎತ್ತಿದ್ದು ಹೆಸರಿನ ಪ್ರಶ್ನೆಯಲ್ಲ. ಪ್ರತಿ ಪಾತ್ರ ಬಂದಾಗಲೂ, ಅವನು ಯಾರ ಮಗ, ಮನೆ ಎಲ್ಲಿ, ತಾಯಿ ಇದ್ದಾಳೋ ಇಲ್ಲವೋ ಎಂದು ಕೇಳುತ್ತಿದ್ದರು. ಅಷ್ಟು ತಿಳಿಯದೆ ಅವರಿಗೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಊರಿನ ಜಗಲಿಯಲ್ಲೂ ಹೊಸಬರಿಗೆ ಇದೇ ಪ್ರಶ್ನೆ ಹಾಕುತ್ತಿದ್ದರು. ಕ್ಯಾಪ್ಟನ್ ಶ್ರೀಧರನ ತಾಯಿ ಯಾರೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಅವರು ತಲೆಯಲ್ಲಾಡಿಸಿ, ಪಾಪ, ಅನಾಥರನ್ನೇ ಆರಿಸಿ ಕಳುಹಿಸಿದ್ದಾರೆ ಎನ್ನುತ್ತಿದ್ದರು. ಗೆಳತಿ ಅದನ್ನು ಕನ್ನಡಕ್ಕೆ ತಂದು ನಗುತ್ತಿದ್ದಳು.

ಆ ಪ್ರಶ್ನೆಗೆ ಉತ್ತರವಾಗಿ ಬಂದವನು ನಜೀರ್. ಶನಿಯ ಉಪಗ್ರಹವೊಂದಕ್ಕೆ ಹೋಗುವ ನೌಕೆಯ ಪೈಲಟ್. ಮನೆ ಇದೇ ದಂಡಿನಲ್ಲಿ. ತಾಯಿ ಇದ್ದಾಳೆ, ಹೊಲಿಗೆ ಹಾಕುತ್ತಾಳೆ. ಗುರುವಾರಗಳ ಖುಷಿಗೆ ಎಂದೇ ಅವನನ್ನು ಬರೆದಿದ್ದೆ. ಗೆಳತಿಯ ಅಮ್ಮ ಅವನನ್ನು ಮನೆಯ ಹುಡುಗನಂತೆ ವಿಚಾರಿಸಿಕೊಳ್ಳತೊಡಗಿದರು. ಎರಡನೇ ಕಂತಿನಲ್ಲಿ ಅವನು ನೀರು ಕುಡಿಯುವ ಒಂದು ಸಾಲಿತ್ತು. ಭಾರವಿಲ್ಲದೆ ತೇಲುತ್ತ, ಚೀಲಕ್ಕೆ ಬಾಯಿ ಹಚ್ಚಿ ಒಂದೇ ಗುಟುಕಿಗೆ ಕುಡಿದ ಎಂದು ಬರೆದಿದ್ದೆ. ಅವರು ನನ್ನ ಓದನ್ನು ತಡೆದರು. ನಿಂತುಕೊಂಡು ಕುಡಿದನೇ ಎಂದು ಕೇಳಿದರು. ಅಲ್ಲಿ ನಿಲ್ಲುವುದೂ ಇಲ್ಲ, ಕೂರುವುದೂ ಇಲ್ಲ ಎಂದು ನಾನು ವಿವರಿಸಿದೆ. ಅವರು ಒಪ್ಪಲಿಲ್ಲ. ತಾಯಿ ಇರುವ ಹುಡುಗ ಎಂದಿರಿ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ನೀರನ್ನು ಕೂತು ಕುಡಿಯಬೇಕು, ಮೂರು ಉಸಿರಿನಲ್ಲಿ ಕುಡಿಯಬೇಕು ಎಂದು. ಅಷ್ಟು ದೂರ ಹೋದ ಮಾತ್ರಕ್ಕೆ ಮರೆತನೇ ಎಂದರು.

ನಾನು ಆ ಸಾಲನ್ನು ಅಲ್ಲೇ ತಿದ್ದಿದೆ: "ಅವನು ಗೋಡೆಯ ಪಟ್ಟಿಗೆ ಪಾದ ಸಿಕ್ಕಿಸಿ, ಮೊಣಕಾಲು ಮಡಚಿ, ನೆಲವಿದ್ದಂತೆ ಕೂತು, ಮೂರು ಉಸಿರಿನಲ್ಲಿ ನೀರು ಕುಡಿದ." ಗೆಳತಿ ಅದಕ್ಕೊಂದು ಚಿತ್ರ ಹಾಕಿದಳು. ಅವಳ ಅತ್ಯುತ್ತಮ ಚಿತ್ರ ಅದೇ. ಶಿರಸ್ತ್ರಾಣ ತೆಗೆದು ಪಕ್ಕಕ್ಕೆ ತೇಲಬಿಟ್ಟು, ಏನೂ ಇಲ್ಲದ ಜಾಗದಲ್ಲಿ ಒಬ್ಬ ಹುಡುಗ ಅಚ್ಚುಕಟ್ಟಾಗಿ ಕೂತಿದ್ದಾನೆ.

ನಾಲ್ಕನೇ ಗುರುವಾರ ಓದಿದ ಕಂತಿನಲ್ಲಿ ಕಥೆ ತಿರುಗುತ್ತದೆ. ಉಪಗ್ರಹದ ಮೇಲೆ ಮೂವರು ಎಂಜಿನಿಯರುಗಳು ಸಿಕ್ಕಿಬಿದ್ದಿದ್ದಾರೆ. ಇಂಧನ ಸಾಲದೆಂದು ಕ್ಯಾಪ್ಟನ್ ಹಿಂದಿರುಗಲು ಆಜ್ಞೆ ಮಾಡುತ್ತಾನೆ. ಪೈಲಟ್ ಆಜ್ಞೆ ಮೀರುತ್ತಾನೆ, ಭೂಮಿಯೊಂದಿಗಿನ ಸಂಪರ್ಕ ಕಡಿಯುತ್ತಾನೆ, ನೌಕೆಯನ್ನು ಕತ್ತಲೆಗೆ ತಿರುಗಿಸುತ್ತಾನೆ. ಅಲ್ಲಿಗೆ ಕಂತು ಮುಗಿಯುತ್ತದೆ. ಮೂವರನ್ನೂ ಉಳಿಸಿಕೊಂಡು ಬರುವುದು ಮುಂದಿನ ಕಂತಿನಲ್ಲಿ.

ಓದಿ ಮುಗಿಸಿದಾಗ ಗೆಳತಿಯ ಪೆನ್ಸಿಲ್ ನಿಂತಿತ್ತು. ಅಮ್ಮನಿಗೆ ಅವಳು ಏನೂ ಹೇಳಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದಳು.

"ನಕ್ಕೋ. ಬೇಡ ಕಣೇ. ಅವನ ಹೆಸರು ಬದಲಾಯಿಸು," ಎಂದಳು.

ಕೊನೆಯಲ್ಲಿ ಅವನೇ ನಾಯಕನಾಗುತ್ತಾನಲ್ಲ ಎಂದೆ.

"ಕೊನೇಲಿ ಆಗ್ತಾನೆ. ನಿನ್ನ ಪತ್ರಿಕೆ ತಿಂಗಳಿಗೊಂದು ಸಲ ಬರೋದು. ಒಂದು ತಿಂಗಳು ಪೂರ್ತಿ ಅವನು ದ್ರೋಹಿ ಆಗಿರ್ತಾನೆ. ಆ ಒಂದು ತಿಂಗಳು ನನ್ನ ಮಗ ಸ್ಕೂಲಿಗೆ ಹೋಗ್ಬೇಕು."

ಆ ವರ್ಷ ಕೋಮು ಗಲಭೆಗಳಾಗಿ ಊರು ನೆಟ್ಟಗಿರಲಿಲ್ಲ. ಅವಳು ಹೇಳಿದ್ದು ನನಗೆ ತಕ್ಷಣ ಅರ್ಥವಾಯಿತು. ವಾದ ಮಾಡಲಿಲ್ಲ. ಪೂರ್ತಿ ಬರೆದು ಮುಗಿಸದೆ ಒಂದು ಕಂತನ್ನೂ ಪತ್ರಿಕೆಗೆ ಕೊಡುವ ಅಭ್ಯಾಸ ನನಗಿಲ್ಲದ್ದರಿಂದ ಇನ್ನೂ ಏನೂ ಅಚ್ಚಾಗಿರಲಿಲ್ಲ. ಮೊದಲ ಕಂತು ಕೊಡಬೇಕಾದದ್ದು ಆ ಶನಿವಾರ. ಅವಳ ಊಟದ ಮೇಜಿನ ಮುಂದೆಯೇ ಕೂತು, ನಜೀರ್ ಎಂದಿದ್ದಲ್ಲೆಲ್ಲ ಒಂದು ಗೆರೆ ಎಳೆದು ಮೇಲೆ ಕಿರಣ್ ಎಂದು ಬರೆದೆ. ಹೊಲಿಗೆ ಹಾಕುವ ತಾಯಿಯನ್ನು ತೆಗೆದೆ. ದಂಡಿನ ಮನೆಯನ್ನು ತೆಗೆದೆ. ನಕ್ಷೆ ವಿಭಾಗದ ಶಿಸ್ತಿನಲ್ಲಿ, ಒಂದು ಜಾಗವೂ ತಪ್ಪದಂತೆ ಮುಗಿಸಿ, ಮುಗಿಸಿದ ಅಚ್ಚುಕಟ್ಟಿಗೆ ಒಳಗೊಳಗೇ ಸಂತೋಷವನ್ನೂ ಪಟ್ಟೆ. ಉಳಿದದ್ದು ಒಂದೇ ಸಾಲು. ನೀರು ಕುಡಿಯುವ ಸಾಲಿನಲ್ಲಿ ಹೆಸರಿರಲಿಲ್ಲ, "ಅವನು" ಎಂದಷ್ಟೇ ಇತ್ತು. ನಾನು ಹುಡುಕುತ್ತಿದ್ದದ್ದು ಹೆಸರನ್ನು, ಆದ್ದರಿಂದ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಚಿತ್ರವೂ ಶಾಯಿಯಲ್ಲಿ ಸಿದ್ಧವಾಗಿತ್ತು. ಎರಡೂ ಅಚ್ಚಿಗೆ ಹೋದವು.

ಕಿರಣ್ ಮಕ್ಕಳಿಗೆ ಬಹಳ ಇಷ್ಟವಾದ. ಅವನು ಯಾಕೆ ಕೂತು ನೀರು ಕುಡಿಯುತ್ತಾನೆ ಎಂದು ಕೇಳಿ ಪತ್ರಗಳು ಬಂದವು. ಅದು ಗಗನಯಾತ್ರಿಗಳ ತರಬೇತಿಯ ನಿಯಮ ಎಂದು ನಾನು ಉತ್ತರ ಬರೆದೆ. ಶಾಲೆಗಳಲ್ಲಿ ಹುಡುಗರು ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಕಿರಣ್‌ನಂತೆ ನೀರು ಕುಡಿಯುತ್ತಿದ್ದಾರೆ ಎಂದು ಪತ್ರಿಕೆಯ ಸಂಪಾದಕರು ನಗುತ್ತ ಹೇಳಿದ್ದರು.

ಅದಾಗಿ ಇಷ್ಟು ವರ್ಷ. ಗೆಳತಿಯ ಅಮ್ಮ ಈಗಿಲ್ಲ. ಪುಸ್ತಕದ ಮಾತು ಬಂದಾಗ ಮೊದಲು ಫೋನ್ ಮಾಡಿದ್ದು ಗೆಳತಿಗೆ. ಅವಳು ಹೆಚ್ಚು ಯೋಚಿಸಲಿಲ್ಲ. ಪುಸ್ತಕದಲ್ಲಿ ತಿಂಗಳು ಕಾಯುವ ಗೋಳಿಲ್ಲ, ಹಾಳೆ ತಿರುವಿದರೆ ಮುಂದಿನ ಅಧ್ಯಾಯ, ಅವನನ್ನು ಮನೆಗೆ ಕರೆದುಕೊಂಡು ಬಾ ಎಂದಳು. ನನಗೂ ಅದೇ ಬೇಕಿತ್ತು. ಸಂಪಾದಕಿಗೆ ಹೇಳಿದಾಗ ಆ ಹುಡುಗಿಗೆ ಬಹಳ ಸಂತೋಷವಾಯಿತು. ಈಗ ಓದುಗರು ಕೇಳುವುದೇ ಇದನ್ನು ಮೇಡಂ, ಹಿಂದಿನ ರಕ್ಷಾಪುಟದಲ್ಲೇ ಹಾಕೋಣ, ನೀವೊಂದು ಮುನ್ನುಡಿ ಬರೆದುಕೊಡಿ ಎಂದಳು. ಬರೆದೆ. ಹೆಸರು ಹೇಗೆ ಬದಲಾಯಿತು, ಯಾಕೆ ಬದಲಾಯಿತು, ಈಗ ಯಾಕೆ ಹಿಂದಿರುಗುತ್ತಿದೆ ಎಂದು ಮೂರು ಪುಟ.

ಗುರುವಾರ ಗೆಳತಿಯ ಫೋನ್ ಬಂತು. ಮಗನಿಗೆ ಹೇಳಿದಳಂತೆ. ಅವನು ಬೇಡ ಎಂದನಂತೆ. ಯಾಕೆ ಎಂದರೆ ಭಾನುವಾರ ಆಂಟಿ ಬರಲಿ, ಅವರ ಮುಂದೆಯೇ ಹೇಳುತ್ತೇನೆ ಎಂದನಂತೆ.

ಹೀಗೆ ನಾನು ಭಾನುವಾರ ಹತ್ತಕ್ಕೆ ಅವಳ ಮುಂದಿನ ಕೋಣೆಯಲ್ಲಿದ್ದೆ. ಕೈಚೀಲದಲ್ಲಿ ಪ್ರೂಫ್, ಕೆಂಪು ಪೆನ್ನು, ಮುನ್ನುಡಿ. ದಿವಾನ ಅದೇ ಮೂಲೆಯಲ್ಲಿದೆ. ಗೆಳತಿ ಚಹಾ ಕೊಟ್ಟು, ಗಡಿಯಾರ ನೋಡುತ್ತಿದ್ದ ನನ್ನನ್ನು ನೋಡಿ, ಹವಾಲ್ದಾರಮ್ಮನ ಪರೇಡಿಗೆ ನನ್ನ ಮಗ ಯಾವತ್ತು ಸರಿಯಾಗಿ ಬಂದಿದ್ದಾನೆ ಎಂದಳು. ತಮಾಷೆ ಮಾಡಿದರೂ ಅವಳ ಮುಖ ಬಿಗಿದಿತ್ತು.

ಅವಳ ಮಗ ಲಿಫ್ಟ್ ರಿಪೇರಿಯ ಗುತ್ತಿಗೆ ಕೆಲಸ ಮಾಡುತ್ತಾನೆ. ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ನಿಂತರೆ ಅವನಿಗೆ ಕರೆ ಹೋಗುತ್ತದೆ. ಮನೆ ರಾಮಮೂರ್ತಿ ನಗರದಲ್ಲಿ. ಬೈಕ್ ನಿಲ್ಲಿಸಿ ಒಳಗೆ ಬಂದವನು ಸಲಾಂ ಹೇಳಿ, ನೆಲದ ಮೇಲೆ ನನ್ನ ಕಾಲ ಬಳಿಯೇ ಕೂತ. ಕುರ್ಚಿ ಇದೆಯಲ್ಲೋ ಎಂದರೆ, ನಿಮ್ಮ ಕಥೆ ಕೇಳಿದ್ದೆಲ್ಲ ಇಲ್ಲೇ ತಾನೆ ಎಂದ. ಅಮ್ಮ ಕೊಟ್ಟ ನೀರನ್ನು ಕೂತಲ್ಲೇ ನಿಧಾನವಾಗಿ ಕುಡಿದ.

ನಾನು ಸುತ್ತುಬಳಸದೆ ಕೇಳಿದೆ. ನಜೀರ್ ಎಂದು ಹಾಕಿದರೆ ನಿನಗೇನು ತೊಂದರೆ?

ಅವನು ತಲೆ ತಗ್ಗಿಸಿದ. ಮೆಲ್ಲಗೆ ಶುರು ಮಾಡಿದ. ಅವನು ಹೇಳಿದ್ದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ. ಪತ್ರಿಕೆಯ ಮೊದಲ ಕಂತು ಕೈಗೆ ಬಂದಾಗ ಅವನು ಇಡೀ ಕಥೆಯಲ್ಲಿ ನಜೀರ್‌ನನ್ನು ಹುಡುಕಿದ್ದನಂತೆ. ಗುರುವಾರಗಳಲ್ಲಿ ಕೇಳಿದ್ದ ಹುಡುಗ ಎಲ್ಲಿಯೂ ಇಲ್ಲ. ಅತ್ತುಕೊಂಡು ಅಮ್ಮನನ್ನು ಕೇಳಿದ್ದನಂತೆ, ನಜೀರ್ ಎಲ್ಲಿ ಹೋದ ಎಂದು.

"ಅಮ್ಮೀ, ನೀನು ಏನ್ ಹೇಳ್ದೆ ಅಂತ ನೆನಪಿದ್ಯಾ?"

ಗೆಳತಿ ಚಹಾದ ಲೋಟ ಕೆಳಗಿಟ್ಟಳು. ಅವನೇ ಹೇಳಿದ.

"ಇವನೇ ನಜೀರ್, ಮನೇಲಿ ನಜೀರ್, ಹೊರಗೆ ಕಿರಣ್ ಅಂದೆ."

ಅವಳಿಗೆ ನೆನಪಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. ಅಳುವ ಮಗುವನ್ನು ಸುಮ್ಮನಾಗಿಸಲು ಹೇಳಿದ ಮಾತು ಅದು, ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ಆದರೆ ಮಗು ಅದನ್ನು ಪಾಠದಂತೆ ಕಲಿತುಬಿಟ್ಟಿತ್ತು.

ಕೆಲಸ ಶುರು ಮಾಡಿದಾಗ ಅವನ ಮೇಸ್ತ್ರಿ, ಅಪಾರ್ಟ್‌ಮೆಂಟಿನವರಿಗೆ ನಿನ್ನ ಹೆಸರು ಏನೆಂದು ಹೇಳಲಿ ಎಂದು ಕೇಳಿದ್ದನಂತೆ. ಮೇಸ್ತ್ರಿ ಕೆಟ್ಟವನಲ್ಲ, ಕೇಳಿದ ರೀತಿಯಲ್ಲೇ ಬೇರೆ ಏನಾದರೂ ಹೇಳು ಎಂಬುದು ಇತ್ತು. ಇವನ ಬಾಯಿಗೆ ತಡವಿಲ್ಲದೆ ಬಂದದ್ದು ಕಿರಣ್. ಅಂದಿನಿಂದ ವಾಚ್‌ಮನ್‌ಗಳ ಫೋನಿನಲ್ಲಿ, ಗೇಟಿನ ಬೋರ್ಡಿನಲ್ಲಿ ಅವನು ಲಿಫ್ಟ್ ಕಿರಣ್. ಐಡಿ ಕಾರ್ಡಿನಲ್ಲಿ, ಬಿಲ್ಲಿನಲ್ಲಿ ಅವನ ನಿಜವಾದ ಹೆಸರೇ ಇದೆ. ಯಾರೂ ಅಷ್ಟು ಕೆಳಗೆ ಓದುವುದಿಲ್ಲ ಎಂದು ನಕ್ಕ.

ಇದು ಗೆಳತಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮಗ ಯಾವ ಹೆಸರಿನಲ್ಲಿ ದುಡಿದು ತಂದ ಎಂಬುದನ್ನು ಅವಳು ಆ ಭಾನುವಾರ, ನನ್ನ ಎದುರಿಗೆ, ಕೇಳಿದಳು. ಅವಳ ಕೈ ಸೆರಗಿನ ಅಂಚನ್ನು ಮಡಚುತ್ತ, ಬಿಚ್ಚುತ್ತ ಇತ್ತು.

ಹಾಗಾದರೆ ಸರಿಯೇ ಆಯಿತು, ನಾನು ತಪ್ಪು ಹೇಳಿಕೊಟ್ಟಿದ್ದೆ, ಈಗ ಪುಸ್ತಕದಲ್ಲಿ ನಜೀರ್ ಎಂದೇ ಬರಲಿ, ನೀನೂ ಆ ಕಿರಣ್‌ನನ್ನು ಬಿಡು ಎಂದಳು. ಧ್ವನಿಯಲ್ಲಿ ಟೀಚರ್ ಬಂದಿದ್ದಳು.

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಆಂಟಿ, ಸ್ಕೂಲಲ್ಲಿ ಎಲ್ರೂ ನಲ್ಲಿ ಹತ್ರ ಕಿರಣ್ ಥರ ಕೂತ್ಕೊಂಡು ನೀರು ಕುಡೀತಿದ್ರು. ನಾನು ಮನೇಲಿ ಕುಡಿಯೋ ಥರಾನೇ ಕುಡೀತಿದ್ದೆ. ಆ ವರ್ಷ ಯಾರೂ ನನ್ನ ಬೇರೆ ಮಾಡಿ ನೋಡ್ಲಿಲ್ಲ. ಅವನು ಯಾರು ಅಂತ ನನಗೊಬ್ನಿಗೇ ಗೊತ್ತಿತ್ತು."

ನಾನು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಕಿರಣ್ ಪುಸ್ತಕದಲ್ಲಿ ಇದ್ರೆ ಅದು ನಾನು ಇಷ್ಟಪಟ್ಟು ಇಟ್ಕೊಂಡಿರೋ ಹೆಸರು. ನೀವು ಅವನನ್ನ ತೆಗೆದುಬಿಟ್ರೆ, ನಾನು ಜನಕ್ಕೆ ಹೆದ್ರಿ ಹೇಳ್ಕೊಂಡ ಸುಳ್ಳು ಅಷ್ಟೇ. ಅದನ್ನ ಹಿಂದಿನ ಪುಟದಲ್ಲಿ ಬೇರೆ ಹಾಕ್ತಾರಂತೆ."

ಗೆಳತಿ ಏನೋ ಹೇಳಲು ಹೋದಳು. ಅಷ್ಟರಲ್ಲಿ ಅವನ ಫೋನ್ ಬಂತು. ಇಂದಿರಾನಗರದ ಯಾವುದೋ ಕಟ್ಟಡದಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ಒಬ್ಬ ಅಜ್ಜಿ ಮತ್ತು ಮೊಮ್ಮಗು. ಅವನು ಎದ್ದ. ಅಮ್ಮನ ಮುಖ ನೋಡಿದ. ಒಂದು ಕ್ಷಣ ಅಂಗಳಕ್ಕೆ ಹೋಗಿ ಮಾತಾಡೋಣವೇ ಎಂದು ಹಿಂಜರಿದಂತಿತ್ತು. ಹೋಗಲಿಲ್ಲ. ಅಲ್ಲೇ ನಿಂತು ಹೇಳಿದ.

"ಹ್ಞೂ, ಕಿರಣ್ ಮಾತಾಡ್ತಿರೋದು. ಬಾಗಿಲು ಎಳೀಬೇಡಿ, ಬಂದ್ಬಿಟ್ಟೆ. ಒಳಗಿರೋ ಅಜ್ಜಿಗೆ ಕೂತ್ಕೊಳ್ಳೋಕೆ ಹೇಳಿ."

ಅಮ್ಮನಿಗೆ ಊಟಕ್ಕೆ ಬರುತ್ತೇನೆ ಎಂದು ಹೇಳಿ ಹೊರಟ. ಬೈಕಿನ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಗೆಳತಿ ಎದ್ದು ಅವನು ಕುಡಿದಿಟ್ಟ ಲೋಟ ತೆಗೆದುಕೊಂಡು ಒಳಗೆ ಹೋದಳು. ತೊಳೆಯುವ ಸದ್ದು ಒಂದು ಲೋಟಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿತು. ಹಿಂದಿರುಗಿ ಬಂದು ನನ್ನ ಎದುರು ಕೂತಾಗ ಕಣ್ಣು ಕೆಂಪಾಗಿತ್ತು, ಮಾತು ನೆಟ್ಟಗಿತ್ತು.

ಕಿರಣ್ ಎಂದೇ ಇರಲಿ ಎಂದಳು.

ಖಂಡಿತವೇ ಎಂದು ಕೇಳಿದೆ.

"ಅಮ್ಮೀ ಇದ್ದಿದ್ರೆ ನನ್ನ ಚೆನ್ನಾಗಿ ಬಯ್ತಿದ್ಳು. ಅವಳು ಆ ಹುಡುಗನಿಗೆ ಒಂದು ಮನೆ ಕೇಳಿದ್ಳು. ನಾನು ಎರಡು ಹೆಸರು ಕೊಟ್ಟೆ."

ನಾನು ಪ್ರೂಫ್ ತೆರೆದೆ. ತಿದ್ದುವುದಕ್ಕೇನೂ ಇರಲಿಲ್ಲ. ಹಳೆಯ ಪತ್ರಿಕೆಯಿಂದಲೇ ಅಕ್ಷರ ಜೋಡಿಸಿದ್ದರಿಂದ ಎಲ್ಲ ಕಡೆಯೂ ಕಿರಣ್ ಎಂದೇ ಇತ್ತು. ಬದಲಾಯಿಸಲೆಂದು ಶನಿವಾರ ನಾನೇ ಪೆನ್ಸಿಲಿನಲ್ಲಿ ಹಾಕಿಟ್ಟಿದ್ದ ಸಣ್ಣ ಗುರುತುಗಳನ್ನು ಒಂದೊಂದಾಗಿ ಅಳಿಸಿದೆ. ಗೆಳತಿ ರಬ್ಬರಿನ ಚೂರುಗಳನ್ನು ಅಂಗೈಯಿಂದ ಒರೆಸುತ್ತ ಪಕ್ಕದಲ್ಲೇ ಇದ್ದಳು. ಮೂವತ್ತು ವರ್ಷಗಳ ಹಿಂದೆ ಇದೇ ಮನೆಯಲ್ಲಿ ನಾನು ಎಷ್ಟು ಬೇಗ ಆ ಹೆಸರಿನ ಮೇಲೆ ಗೆರೆ ಎಳೆದಿದ್ದೆನೋ ಅಷ್ಟು ಬೇಗ ಈಗ ಕೈ ಓಡಲಿಲ್ಲ. ನಜೀರ್ ಎಂಬವನು ನಾಲ್ಕು ಗುರುವಾರ ಇದ್ದ. ಅವನನ್ನು ಕಂಡವರಲ್ಲಿ ಈಗ ಉಳಿದಿರುವವರು ಮೂವರು. ಇನ್ನು ಅವನನ್ನು ಯಾರೂ ಓದುವುದಿಲ್ಲ. ಮಗನ ಮಾತು ನ್ಯಾಯವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ನ್ಯಾಯವಾದದ್ದನ್ನು ಮಾಡಿದ ಮೇಲೂ ಮನಸ್ಸು ಹಗುರವಾಗಲಿಲ್ಲ. ಅಂದು ಶನಿವಾರ ಕೊಡಬೇಕಾದದ್ದನ್ನು ಇನ್ನೊಂದು ವಾರ ತಡ ಮಾಡಿದ್ದರೆ, ದ್ರೋಹ ಮತ್ತು ಪಾರುಗಾಣಿಕೆ ಎರಡನ್ನೂ ಒಂದೇ ಕಂತಿನಲ್ಲಿ ತಂದು ಆ ತಿಂಗಳ ಅಂತರವನ್ನೇ ಇಲ್ಲವಾಗಿಸಬಹುದಿತ್ತು. ಅಷ್ಟು ಸರಳವಾದ ಉಪಾಯ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನನ್ನ ಕಂತುಗಳು ಯಾವಾಗಲೂ ಒಂದೇ ಅಳತೆಯವು.

ಎರಡನೇ ಅಧ್ಯಾಯಕ್ಕೆ ಬಂದಾಗ ಸಂಪಾದಕಿಯ ಪ್ರಶ್ನೆಯೊಂದು ಅಂಚಿನಲ್ಲಿತ್ತು. ಶನಿವಾರ ಅದನ್ನು ನೋಡಿದ್ದೆ, ಹೆಸರಿನ ಯೋಚನೆಯಲ್ಲಿ ಉತ್ತರಿಸದೆ ಬಿಟ್ಟಿದ್ದೆ. ಭಾರವಿಲ್ಲದ ಕಡೆ ಕೂರುವುದಕ್ಕೆ ಅರ್ಥವಿಲ್ಲ, ಈಗಿನ ಮಕ್ಕಳಿಗೆ ಇದು ವೈಜ್ಞಾನಿಕ ತಪ್ಪಾಗಿ ಕಾಣುತ್ತದೆ, ಈ ಸಾಲನ್ನೂ ಚಿತ್ರವನ್ನೂ ತೆಗೆಯೋಣವೇ ಎಂದು ಬರೆದಿದ್ದಳು. ಗೆಳತಿಗೆ ಅದನ್ನು ಓದಿ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ತನ್ನ ಹಳೆಯ ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. ಮೊಣಕಾಲು ಚೆನ್ನಾಗಿ ಬಂದಿದೆ ಎಂದಳು. ನನ್ನ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡು, ಪ್ರಶ್ನೆಯ ಕೆಳಗೆ, ಶಾಲೆಯ ಬೋರ್ಡಿನ ಮೇಲೆ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ "ಹಾಗೇ ಇರಲಿ" ಎಂದು ಬರೆದಳು. ಚಿತ್ರದ ಪಕ್ಕ, ಪೂರ್ತಿ ಪುಟಕ್ಕೆ ದೊಡ್ಡದು ಮಾಡಿ ಎಂದೂ ಸೇರಿಸಿದಳು.

ಮಗ ಊಟಕ್ಕೆ ಬಂದಾಗ ಎರಡೂವರೆ. ಅಜ್ಜಿಯೂ ಮಗುವೂ ಕ್ಷೇಮ ಎಂದ. ತಾಯಿ ತೀರ್ಮಾನ ಹೇಳಿದಳು. ಅವನು ಥ್ಯಾಂಕ್ಸ್ ಎನ್ನಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ತಟ್ಟೆಯ ಅನ್ನವನ್ನು ಕಲಸುತ್ತ, ಬೇಜಾರಾ ಅಮ್ಮೀ ಎಂದಷ್ಟೇ ಕೇಳಿದ. ಹೌದು ಎಂದಳು. ನಂಗೂ ಎಂದ. ಇನ್ನಷ್ಟು ಸಾರು ಬಡಿಸಿದಳು.

ನಾಲ್ಕೂವರೆಗೆ ಹೊರಟೆ. ಸಂಪಾದಕಿಯ ಮನೆ ಹಲಸೂರಿನಲ್ಲಿ, ಕೆರೆಯ ಹಿಂದಿನ ಬೀದಿ. ಭಾನುವಾರವಾದ್ದರಿಂದ ಮನೆಗೇ ತಂದುಕೊಡಲು ಹೇಳಿದ್ದಳು. ಆಟೊದಲ್ಲಿ ಮುನ್ನುಡಿಯ ಮೂರು ಪುಟಗಳನ್ನು ಲಕೋಟೆಯಿಂದ ಹೊರಗೆ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

ಅವಳು ಗೇಟಿನ ಹತ್ತಿರವೇ ನಿಂತು ಪುಟ ತಿರುವಿದಳು. ಹೆಸರು ಏನಾಯಿತು ಮೇಡಂ ಎಂದಳು. ಕಿರಣ್ ಎಂದೇ ಎಂದೆ. ಅವಳಿಗೆ ನಿರಾಸೆಯಾದದ್ದು ಕಂಡಿತು. ಮುನ್ನುಡಿ ಎಲ್ಲಿ ಎಂದಳು. ಇಲ್ಲ ಎಂದೆ. ಕಾರಣ ಕೇಳುವಷ್ಟು ಸಲಿಗೆ ನಮ್ಮಲ್ಲಿರಲಿಲ್ಲ. ಎರಡನೇ ಅಧ್ಯಾಯದಲ್ಲಿ ಮತ್ತೆ ನಿಂತಳು.

"ಮೇಡಂ, ಅಲ್ಲಿ ಗ್ರಾವಿಟಿನೇ ಇರಲ್ಲ. ಕೂತ್ಕೊಳ್ಳೋದು ಹೇಗೆ?"

"ಅವನು ಕೂತ್ಕೋತಾನಮ್ಮ," ಎಂದೆ.

ಅವಳು ಒಂದು ಗಳಿಗೆ ನನ್ನನ್ನು ನೋಡಿ, ಆಯ್ತು ಮೇಡಂ ಎಂದು ಹಾಳೆಗಳನ್ನು ಜೋಡಿಸಿ ಲಕೋಟೆಗೆ ಸೇರಿಸಿದಳು. ಬಾಯಿ ಅಂಟಿಸಿದ್ದನ್ನು ನೋಡಿಕೊಂಡೇ ಹಿಂದಿರುಗಿದೆ. ಆರಕ್ಕೆ ಇನ್ನೂ ಸಮಯವಿತ್ತು; ಒಪ್ಪಿಸಬೇಕಾದದ್ದನ್ನು ಒಪ್ಪಿಸಿಯಾಗಿತ್ತು.